ಬಣ್ಣ ಬಳಿದರೆ ಕೋಟೆ

ಚದುರಂಗದ ಮಣೆಯಲ್ಲಿ ಆನೆ ಇದೆ, ಕುದುರೆ ಇದೆ, ಮಂತ್ರಿ ಇದ್ದಾನೆ, ಕಾಲಾಳುಗಳ ಸಾಲೇ ಇದೆ. ಇಲ್ಲದಿರುವುದು ಒಂದೇ, ನೆಲ. ಅರವತ್ತನಾಲ್ಕು ಮನೆಗಳಲ್ಲಿ ಒಂದು ದಿಬ್ಬವಿಲ್ಲ, ಒಂದು ಹಳ್ಳವಿಲ್ಲ, ಅಡಗಿಕೊಳ್ಳಲು ಒಂದು ಪೊದೆಯೂ ಇಲ್ಲ. ನಮ್ಮ ಹಿರಿಯರು ಯುದ್ಧದಿಂದ ಮಣ್ಣನ್ನು ಸೋಸಿ ತೆಗೆದು ಬುದ್ಧಿಯನ್ನಷ್ಟೇ ಉಳಿಸಿಕೊಂಡರು. ಅದು ಆ ಆಟದ ಹಿರಿಮೆಯೇ ಸರಿ. ಆದರೆ ನಿಜವಾದ ಕಾಳಗಗಳು ಸಪಾಟು ಮಣೆಯ ಮೇಲೆ ನಡೆಯುವುದಿಲ್ಲ. ಚಿತ್ರದುರ್ಗದ ಕೋಟೆಯನ್ನು ಒಮ್ಮೆ ಹತ್ತಿ ಇಳಿದವರಿಗೆ ಇದು ಗೊತ್ತು. ಅಲ್ಲಿ ಅರ್ಧ ಯುದ್ಧವನ್ನು ಬಂಡೆಗಳೇ ಮಾಡಿ ಮುಗಿಸುವಂತಿವೆ.

ಹೀಗೆ ಬಿಟ್ಟುಹೋದ ನೆಲವನ್ನು ಮತ್ತೆ ಆಟದೊಳಕ್ಕೆ ತಂದ ಒಂದು ಹವ್ಯಾಸವಿದೆ: ಮೇಜಿನ ಮೇಲೆ ಆಡುವ ಕಿರುಗೊಂಬೆಗಳ ಯುದ್ಧದಾಟ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದರ ಹುಚ್ಚು ಹಿಡಿದವರ ದೊಡ್ಡ ಬಳಗವೇ ಇದೆ. ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು ಎತ್ತರದ ಸೈನಿಕರು. ಸೈನಿಕ ಎಷ್ಟು ದೂರ ನಡೆಯಬಹುದು ಎಂಬುದನ್ನು ಅಳತೆಯ ಟೇಪು ಹೇಳುತ್ತದೆ; ಅವನು ಹೊಡೆದ ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೋಡೆಯ ಮರೆಯಲ್ಲಿ ನಿಂತವನಿಗೆ ಗುಂಡು ತಗುಲುವುದು ಕಷ್ಟ. ಗುಡ್ಡ ಹತ್ತಿದವನಿಗೆ ದೂರದವರೆಗೆ ಕಾಣುತ್ತದೆ. ಜೌಗಿಗೆ ಕಾಲಿಟ್ಟವನ ನಡಿಗೆ ನಿಧಾನವಾಗುತ್ತದೆ. ಎಂದರೆ, ಆಟದ ಅರ್ಧ ನಿಯಮಗಳು ಸೈನಿಕರಲ್ಲಿಲ್ಲ, ಮೇಜಿನ ಮೇಲಿಟ್ಟ ಗೋಡೆ, ಗುಡ್ಡ, ಮರಗಳಲ್ಲಿವೆ. ಆಟಗಾರರ ಭಾಷೆಯಲ್ಲಿ ಇದಕ್ಕೆ 'ಟೆರೇನ್' ಎಂದು ಹೆಸರು. ನಾವು ಸುಮ್ಮನೆ ನೆಲ ಎನ್ನೋಣ.

ತೊಂದರೆ ಶುರುವಾಗುವುದೇ ಇಲ್ಲಿ. ಕೈಯಲ್ಲಿದ್ದ ಹಣವೆಲ್ಲ ಸೈನಿಕರನ್ನು ಕೊಳ್ಳುವುದರಲ್ಲೇ ಮುಗಿದಿರುತ್ತದೆ. ನೆಲಕ್ಕೆ ಉಳಿದಿರುವುದಿಲ್ಲ. ಹೆಸರಾಂತ ಕಂಪನಿಗಳ ಒಂದು ಪಾಳು ಮನೆಯ ಪೆಟ್ಟಿಗೆಗೆ ಸಾವಿರಾರು ರೂಪಾಯಿ ತೆರಬೇಕು. ಅದೂ ಬಿಡಿಬಿಡಿಯಾಗಿ ಬರುತ್ತದೆ. ಅಂಟಿಸಿ ಬಣ್ಣ ಬಳಿಯುವುದು ಕೊಂಡವನ ಪಾಲಿಗೆ. ಹೀಗಾಗಿ ಅನೇಕ ಹೊಸಬರ ಮೊದಲ ಮಹಾಯುದ್ಧ ಊಟದ ಮೇಜಿನ ಮೇಲೆ, ಎರಡು ನಿಘಂಟುಗಳು ಮತ್ತು ಒಂದು ಬೂಟಿನ ಡಬ್ಬದ ನಡುವೆ ನಡೆದುಹೋಗುತ್ತದೆ.

ಇದಕ್ಕೆ ಜಾಣ ಆಟಗಾರರು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡರು. ಆಟಿಕೆಯ ಅಂಗಡಿಗೆ ಹೋಗುವುದು, ಅಲ್ಲಿ ಮಕ್ಕಳಿಗೆಂದು ಇಟ್ಟ ಅಗ್ಗದ ಪ್ಲಾಸ್ಟಿಕ್ ಕೋಟೆ, ಡೈನೋಸಾರ್, ಲಾರಿಗಳನ್ನು ತರುವುದು, ಅವುಗಳ ಗುಲಾಬಿ ಹಳದಿ ಬಣ್ಣಗಳ ಮೇಲೆ ಕಲ್ಲಿನ, ಮಣ್ಣಿನ, ತುಕ್ಕಿನ ಬಣ್ಣ ಬಳಿಯುವುದು. ಮುಗಿಯಿತು. ಕೇಳಲು ಮಕ್ಕಳಾಟದಂತೆ ಕಾಣುವ ಈ ಉಪಾಯದ ಹಿಂದೆ ಒಂದು ಸ್ವಾರಸ್ಯದ ಚರಿತ್ರೆಯಿದೆ.

ಮೇಜಿನ ಮೇಲೆ ನೆಲವನ್ನು ಕಟ್ಟುವ ಖಯಾಲಿ ಬಡವರದಾಗಿ ಹುಟ್ಟಿದ್ದಲ್ಲ. 1812ರಲ್ಲಿ ಫಾನ್ ರೈಸ್‌ವಿಟ್ಸ್ ಎಂಬಾತ ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮನಿಗೆ ಒಂದು ಮೇಜನ್ನು ಒಪ್ಪಿಸಿದ. ಅದರ ಮೇಲೆ ಗುಡ್ಡ, ಹೊಳೆ, ರಸ್ತೆಗಳನ್ನು ಮೂಡಿಸಿದ್ದ ಬಿಲ್ಲೆಗಳನ್ನು ಬೇಕುಬೇಕಾದಂತೆ ಜೋಡಿಸಿ ಹೊಸ ಹೊಸ ರಣರಂಗಗಳನ್ನು ಮಾಡಿಕೊಳ್ಳಬಹುದಾಗಿತ್ತು. ಅರಮನೆಗೆ ಒಪ್ಪುವ ಸಾಮಾನು, ಬಳಸಿದವರು ರಾಜಕುಮಾರರು. ಅವನ ಮಗ 1824ರಲ್ಲಿ ಇದನ್ನೇ ನಕ್ಷೆಯ ಮೇಲೆ ಆಡುವಂತೆ ತಿದ್ದಿ ಸೇನಾಧಿಕಾರಿಗಳ ಪಾಠವನ್ನಾಗಿ ಮಾಡಿದ.

ಅರಮನೆಯಿಂದ ಆಟ ಮನೆಯ ನೆಲಕ್ಕಿಳಿದದ್ದರಲ್ಲಿ ಒಬ್ಬ ಕಾದಂಬರಿಕಾರನ ಪಾತ್ರ ದೊಡ್ಡದು. 'ದಿ ಟೈಮ್ ಮೆಷೀನ್' ಬರೆದ ಎಚ್.ಜಿ. ವೆಲ್ಸ್ 1911ರಲ್ಲಿ 'ಫ್ಲೋರ್ ಗೇಮ್ಸ್', 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಎರಡು ಪುಟ್ಟ ಪುಸ್ತಕಗಳನ್ನು ಪ್ರಕಟಿಸಿದ. ಜಗತ್ತಿನ ಮುಂದಿನ ನೂರು ವರ್ಷಗಳ ಬಗ್ಗೆ ಚಿಂತಿಸುತ್ತಿದ್ದ ಆ ದೊಡ್ಡ ಮನುಷ್ಯ ನೆಲದ ಮೇಲೆ ಮಂಡಿಯೂರಿ ಕೂತು ಸೀಸದ ಸೈನಿಕರಿಗೆ ಆಟಿಕೆಯ ಫಿರಂಗಿಯಿಂದ ಗುರಿಯಿಡುತ್ತಿದ್ದ. ಅವನ ಮನೆಗಳು ಮಕ್ಕಳ ಮರದ ಇಟ್ಟಿಗೆಗಳಿಂದ ಆದವು. ಅವನ ಕಾಡು ಎಂದರೆ ಹಲಗೆಯ ತೂತುಗಳಲ್ಲಿ ಸಿಕ್ಕಿಸಿದ ತೋಟದ ಕಡ್ಡಿಗಳು. ಆ ಪುಸ್ತಕದ ಕೊನೆಯಲ್ಲಿ ವೆಲ್ಸ್ ಹೇಳುವ ಮಾತು ಗಂಭೀರವಾದದ್ದು: ಈ ಸಣ್ಣ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧ ಎಷ್ಟು ಎಡವಟ್ಟಿನ ಕೆಲಸ ಎಂಬುದು ತಾನಾಗಿಯೇ ಅರಿವಾಗುತ್ತದೆ ಎಂಬುದು ಅವನ ವಾದ. ಮರುವರ್ಷವೇ, 1914ರಲ್ಲಿ, ದೊಡ್ಡದು ಶುರುವಾಯಿತು. ದೊರೆಗಳು ವೆಲ್ಸನ ಪುಸ್ತಕವನ್ನು ಓದುವವರಲ್ಲ.

ಇನ್ನು ನಮ್ಮ ಅಗ್ಗದ ಪ್ಲಾಸ್ಟಿಕ್ಕಿನ ಕತೆಗೆ ಬರೋಣ. ಅದು ನಡೆದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ, 1970ರ ಆಸುಪಾಸಿನಲ್ಲಿ. ಗ್ಯಾರಿ ಗೈಗ್ಯಾಕ್ಸ್ ಎಂಬಾತ ಗೆಳೆಯರನ್ನು ಕೂಡಿಸಿಕೊಂಡು ಮನೆಯ ನೆಲಮಾಳಿಗೆಯಲ್ಲಿ ಮರಳು ತುಂಬಿದ ಮೇಜಿನ ಮೇಲೆ ಯುದ್ಧದಾಟ ಆಡುತ್ತಿದ್ದ. ಅವನಿಗೆ ರಾಕ್ಷಸರು, ಡ್ರ್ಯಾಗನ್‌ಗಳು ಬೇಕಾಗಿದ್ದವು. ಆ ಕಾಲದ ಅಂಗಡಿಗಳಲ್ಲಿ ನೆಪೋಲಿಯನ್ನನ ಸಿಪಾಯಿ ಸಿಗುತ್ತಿದ್ದ, ಡ್ರ್ಯಾಗನ್ ಸಿಗುತ್ತಿರಲಿಲ್ಲ. ಸರಿ, ಒಂದು ಡೈನೋಸಾರ್ ಆಟಿಕೆಯನ್ನೇ ತಿದ್ದಿ ಡ್ರ್ಯಾಗನ್ ಮಾಡಿಕೊಂಡ. ಮೂರು ಕಾಸಿನ ಅಂಗಡಿಯಿಂದ 'ಇತಿಹಾಸಪೂರ್ವ ಪ್ರಾಣಿಗಳು' ಎಂದು ಮಾರುತ್ತಿದ್ದ ಹಾಂಗ್‌ಕಾಂಗ್ ಆಟಿಕೆಗಳ ಪೊಟ್ಟಣವನ್ನೂ ತಂದ. ಇತಿಹಾಸದಲ್ಲಾಗಲಿ ಅದರ ಪೂರ್ವದಲ್ಲಾಗಲಿ ಅಂಥ ಪ್ರಾಣಿಗಳು ಇದ್ದದ್ದೇ ಇಲ್ಲ! ಒಂದಕ್ಕೆ ಗೂಬೆಯ ಕೊಕ್ಕು, ಇನ್ನೊಂದಕ್ಕೆ ಬಾಲದ ತುದಿಯಲ್ಲಿ ಚಕ್ಕಳದಂಥದ್ದೇನೋ. ಅಚ್ಚು ಕೆತ್ತಿದವನು ಯಾವ ಪುಸ್ತಕವನ್ನೂ ನೋಡದೆ ಮನಸ್ಸಿಗೆ ಬಂದದ್ದನ್ನು ಕೆತ್ತಿದ್ದಂತಿತ್ತು.

ಬೇರೆಯವನಾಗಿದ್ದರೆ ನಕ್ಕು ಬಿಸಾಡುತ್ತಿದ್ದ. ಗೈಗ್ಯಾಕ್ಸ್ ಅವನ್ನು ಮೇಜಿನ ಮೇಲಿಟ್ಟು, 'ಇದು ಏನಿರಬಹುದು?' ಎಂದು ಕೇಳಿಕೊಂಡ. ಬಾಲದ ತುದಿ ವಿಚಿತ್ರವಾಗಿದ್ದದ್ದು ಕಬ್ಬಿಣವನ್ನು ಮುಟ್ಟಿ ತುಕ್ಕಾಗಿಸಿ ತಿನ್ನುವ ಪ್ರಾಣಿಯಾಯಿತು. ಕೊಕ್ಕಿನದು ಗೂಬೆಕರಡಿಯಾಯಿತು. ಎರಡೂ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ 1975ರ ಪುರವಣಿ ಪುಸ್ತಕದಲ್ಲಿ ಸೇರಿದವು. ಅದೇ ಬಗೆಯ ಇನ್ನೊಂದು ಆಟಿಕೆಯಿಂದ ನೆಲದಡಿಯಲ್ಲಿ ಶಾರ್ಕಿನಂತೆ ಈಜುವ ಮೃಗವೊಂದು ಹುಟ್ಟಿ 1976ರಲ್ಲಿ 'ದಿ ಡ್ರ್ಯಾಗನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಮುಂದಿನದು ಇನ್ನೂ ತಮಾಷೆ. ಇಂದು ಅದೇ ಗೂಬೆಕರಡಿಯ, ಅದೇ ತುಕ್ಕುಮೃಗದ ಅಧಿಕೃತ ಕಿರುಗೊಂಬೆಗಳು ಚೆಂದದ ಪೆಟ್ಟಿಗೆಗಳಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತವೆ. 2023ರಲ್ಲಿ ಬಂದ 'ಹಾನರ್ ಅಮಂಗ್ ಥೀವ್ಸ್' ಚಲನಚಿತ್ರದಲ್ಲಿ ಗೂಬೆಕರಡಿ ತೆರೆಯ ಮೇಲೂ ಅಬ್ಬರಿಸಿತು. ಚಿಲ್ಲರೆ ಕಾಸಿನ ಆಟಿಕೆ, ನೋಡುವ ಕಣ್ಣೊಂದು ಸಿಕ್ಕಿದ್ದರಿಂದ ಎಲ್ಲಿಗೆ ಮುಟ್ಟಿತು ನೋಡಿ.

ಇಂಗ್ಲೆಂಡಿನಲ್ಲೂ ಇದೇ ಕತೆ. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಇಂದು ಈ ಹವ್ಯಾಸದ ಅತಿ ದೊಡ್ಡ ವ್ಯಾಪಾರಿ. ಅದು 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಭವಿಷ್ಯದ ಯುದ್ಧದಾಟವನ್ನು ತಂದಾಗ ಆಟಕ್ಕೆ ಬೇಕಾದ ಟ್ಯಾಂಕುಗಳು ಇನ್ನೂ ತಯಾರಾಗಿರಲಿಲ್ಲ. ಆಗ ಕಂಪನಿಯವರೇ ಆಟಗಾರರಿಗೆ ಕಲಿಸಿಕೊಟ್ಟದ್ದೇನು ಗೊತ್ತೆ? ಬಗಲಿಗೆ ಹಚ್ಚಿಕೊಳ್ಳುವ ಡಿಯೋಡರೆಂಟ್ ಡಬ್ಬಿಯನ್ನು ಅಡ್ಡ ಮಲಗಿಸಿ, ಚೂರುಪಾರು ಪ್ಲಾಸ್ಟಿಕ್ ಅಂಟಿಸಿ, ಹಾರುವ ಟ್ಯಾಂಕ್ ಮಾಡುವ ವಿದ್ಯೆ! ಹಳೆಯ ಆಟಗಾರರು ಆ ಡಬ್ಬಿ ಟ್ಯಾಂಕನ್ನು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ.

ಬಣ್ಣ ಬಳಿದ ಮಾತ್ರಕ್ಕೆ ಆಟಿಕೆ ಕೋಟೆಯಾಗುವುದು ಹೇಗೆ ಎಂದು ನೀವು ಕೇಳಬಹುದು. ಇದರಲ್ಲಿ ಸ್ವಲ್ಪ ಲೆಕ್ಕವಿದೆ, ಸ್ವಲ್ಪ ಬೆಳಕಿನ ವಿಜ್ಞಾನವಿದೆ.

ಮೊದಲು ಲೆಕ್ಕ. ಹೆಚ್ಚು ಬಳಕೆಯಲ್ಲಿರುವ ಗೊಂಬೆಯ ಅಳತೆ 28 ಮಿ.ಮೀ., ಅಂಗಾಲಿನಿಂದ ಕಣ್ಣಿನವರೆಗೆ. ಮನುಷ್ಯನ ಕಣ್ಣಿನ ಎತ್ತರ ಸುಮಾರು 1,600 ಮಿ.ಮೀ. ಎಂದುಕೊಂಡರೆ ನಿಜ ಜಗತ್ತನ್ನು ಸುಮಾರು 57ರಿಂದ ಭಾಗಿಸಿದಂತಾಯಿತು. ಎರಡು ಮೀಟರ್ ಎತ್ತರದ ಬಾಗಿಲು ಇಲ್ಲಿ 35 ಮಿ.ಮೀ. ಆಗಬೇಕು. ಗೊಂಬೆ ಒಂದು ಬಿಲ್ಲೆಯ ಮೇಲೆ ನಿಲ್ಲುವುದರಿಂದ ಇನ್ನೊಂದೆರಡು ಮಿ.ಮೀ. ಹೆಚ್ಚಿದ್ದರೆ ಒಳ್ಳೆಯದು. ಬಂಡೆಗೆ ಅಳತೆಯ ಹಂಗಿಲ್ಲ. ಚಿಕ್ಕದು ಕಲ್ಲು, ದೊಡ್ಡದು ಗುಡ್ಡ. ಮರಕ್ಕೂ ಅಷ್ಟೆ. ಆದರೆ ಬಾಗಿಲು, ಮೆಟ್ಟಿಲು, ಕಿಟಕಿಗಳು ಸುಳ್ಳು ಹೇಳುವುದಿಲ್ಲ. ಆದ್ದರಿಂದಲೇ ಅನುಭವಿಗಳು ಆಟಿಕೆಯ ಅಂಗಡಿಯಲ್ಲಿ ಕೋಟೆಯ ಒಟ್ಟು ಎತ್ತರವನ್ನು ನೋಡುವುದಿಲ್ಲ, ಬಾಗಿಲನ್ನು ಅಳೆಯುತ್ತಾರೆ. ಬೆರಳುದ್ದದ ಆಟಿಕೆ ಕಾರುಗಳು ಸುಮಾರಾಗಿ 64ರಲ್ಲಿ ಒಂದು ಪಾಲಿನ ಅಳತೆಯವು. ಸ್ವಲ್ಪ ಚಿಕ್ಕವಾದರೂ ರಸ್ತೆಬದಿಯ ತುಕ್ಕು ಹಿಡಿದ ಗಾಡಿಗಳಾಗಿ ಸಲ್ಲುತ್ತವೆ. 2017ರಲ್ಲಿ ಬಂದ 'ಗ್ಯಾಸ್‌ಲ್ಯಾಂಡ್ಸ್' ಎಂಬ ಆಟವನ್ನಂತೂ ಇಂಥ ಕಾರುಗಳಿಗೇ ಮಾಡಿದ್ದು. ಅದರ ಆಟಗಾರರು ಮಗನ ಪೆಟ್ಟಿಗೆಯಿಂದ ಕಾರು ಎತ್ತಿಕೊಂಡು, ಮೇಲೊಂದು ಬಂದೂಕು ಅಂಟಿಸಿ, ತುಕ್ಕಿನ ಬಣ್ಣ ಬಳಿದು ರಣರಂಗಕ್ಕೆ ಕಳಿಸುತ್ತಾರೆ.

ಇನ್ನು ಬೆಳಕು. ಆಟಿಕೆ ಆಟಿಕೆಯಂತೆ ಕಾಣಲು ಅದರ ಬಣ್ಣವಷ್ಟೇ ಕಾರಣವಲ್ಲ, ಹೊಳಪೂ ಕಾರಣ. ಕಲ್ಲಾಗಲಿ ಮಣ್ಣಾಗಲಿ ಹೊಳೆಯುವುದಿಲ್ಲ. ಎರಡನೆಯ ಕಾರಣ ನೆರಳು. ನಿಜವಾದ ಕೋಟೆಯ ಕಲ್ಲುಸಂದುಗಳಲ್ಲಿ ಗಾಢವಾದ ನೆರಳಿರುತ್ತದೆ. ಅರ್ಧ ಮಿ.ಮೀ. ಆಳದ ಸಂದಿನಲ್ಲಿ ಮನೆಯ ದೀಪದ ಬೆಳಕಿಗೆ ಅಂಥ ನೆರಳು ಬೀಳುವುದಿಲ್ಲ. ಬೀಳದ ನೆರಳನ್ನು ಬಣ್ಣದಿಂದ ಬರೆಯಬೇಕು. ನಮ್ಮ ನಾಟಕ ಕಂಪನಿಗಳ ಪರದೆ ಬರೆಯುತ್ತಿದ್ದವರಿಗೆ ಈ ಗುಟ್ಟು ಗೊತ್ತಿತ್ತು. ಹತ್ತಿರ ಹೋದರೆ ಬರಿಯ ಬಣ್ಣದ ಗೀಚು, ದೂರ ನಿಂತರೆ ಅರಮನೆಯ ಕಂಬ.

ಕೆಲಸದ ಕ್ರಮ ಹೀಗಿದೆ. ಆಟಿಕೆಯನ್ನು ಮೊದಲು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಸುಲಭವಾಗಿ ಬಿಡಿಸಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಅದರ ಮೇಲಿರುತ್ತದೆ. ಅದು ಹೋಗದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ. ನುಣುಪಾದ ಗೋಡೆಯಿದ್ದರೆ ಉಪ್ಪುಕಾಗದದಿಂದ ತಿಕ್ಕಬೇಕು, ಅಥವಾ ಫೆವಿಕಾಲ್ ಹಚ್ಚಿ ಸಣ್ಣ ಮರಳು ಉದುರಿಸಬೇಕು. ಆಮೇಲೆ ಕಪ್ಪು ಇಲ್ಲವೇ ಕಡುಕಂದು ಪ್ರೈಮರ್, ಒಂದು ಸಂದೂ ಬಿಡದಂತೆ. ಇಲ್ಲಿಗೆ ಗುಲಾಬಿ ಕೋಟೆ ಕಣ್ಮರೆಯಾಗಿ ಅದರ ಆಕಾರವಷ್ಟೇ ಉಳಿಯುತ್ತದೆ. ಅದರಲ್ಲಿ ಎಷ್ಟು ಕೆತ್ತನೆಯಿತ್ತು ಎಂಬುದು ಕಣ್ಣಿಗೆ ಬೀಳುವುದೂ ಆಗಲೇ.

ಮುಂದಿನದು ಒಣ ಕುಂಚದ ಕೆಲಸ. ಬೂದು ಬಣ್ಣದಲ್ಲಿ ಅದ್ದಿದ ಕುಂಚವನ್ನು ಹಳೆಯ ಪತ್ರಿಕೆಯ ಮೇಲೆ ಒರೆಸುತ್ತಾ ಹೋಗಬೇಕು, ಇನ್ನು ಬಣ್ಣವೇ ಇಲ್ಲ ಅನ್ನಿಸುವವರೆಗೆ. ಆಮೇಲೆ ಅದನ್ನು ಗೋಡೆಯ ಮೇಲೆ ಹಗುರವಾಗಿ ಆಡಿಸಿದರೆ ಉಬ್ಬಿದ ಅಂಚುಗಳಿಗಷ್ಟೇ ಬಣ್ಣ ಹತ್ತುತ್ತದೆ, ಸಂದುಗಳು ಕಪ್ಪಾಗಿಯೇ ಉಳಿಯುತ್ತವೆ. ಮತ್ತೊಮ್ಮೆ ಇನ್ನಷ್ಟು ತಿಳಿಯಾದ ಬೂದು, ಇನ್ನಷ್ಟು ಕಡಿಮೆ. ಕೊನೆಗೆ ನೀರಾಗಿ ಕದಡಿದ ಕಂದು ಬಣ್ಣವನ್ನು ಅಲ್ಲಲ್ಲಿ ಹರಿಯಬಿಟ್ಟರೆ ಅದು ತಾನಾಗಿ ತಗ್ಗು ಹುಡುಕಿಕೊಂಡು ನಿಲ್ಲುತ್ತದೆ. ಮಳೆ ನೀರು ಇಳಿದು ಕಲೆಯಾದ ಗೋಡೆ ಸಿದ್ಧ. ಬುಡದಲ್ಲಿ ಒಂದಿಷ್ಟು ಹಸಿರು ಪಾಚಿ. ಇಡೀ ಕೋಟೆಯನ್ನು ರಟ್ಟಿನ ಹಲಗೆಗೆ ಅಂಟಿಸಿ, ಸುತ್ತ ಮರಳು, ಹಸಿರು ಬಣ್ಣ ಹಾಕಿದ ಮರದ ಹೊಟ್ಟು ಉದುರಿಸಿದರೆ ಅದು ಮೇಜಿನ ಮೇಲೆ ಇಟ್ಟಂತೆ ಕಾಣುವುದಿಲ್ಲ, ಅಲ್ಲೇ ಎದ್ದಂತೆ ಕಾಣುತ್ತದೆ. ಎಲ್ಲದರ ಮೇಲೆ ಹೊಳಪಿಲ್ಲದ ವಾರ್ನಿಷ್ ಒಂದು ಕೈ.

ಯಾವ ಆಟಿಕೆ ಏನಾಗಬಲ್ಲದು ಎಂಬ ಪಟ್ಟಿಗೆ ಕೊನೆಯಿಲ್ಲ. ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಗಿಡಗಳು ಕಾಡಾಗುತ್ತವೆ. ಅದೇ ತೊಟ್ಟಿಯ ಮುರುಕು ಕಂಬಗಳು ಪಾಳುಗುಡಿಯಾಗುತ್ತವೆ. ಡೈನೋಸಾರನ್ನು ಕಲ್ಲಿನ ಬಣ್ಣದಲ್ಲಿ ಬಳಿದು ಪೀಠದ ಮೇಲೆ ನಿಲ್ಲಿಸಿದರೆ ಮರೆತುಹೋದ ಯಾವುದೋ ದೇವತೆಯ ವಿಗ್ರಹ. ಬೊಂಬೆಮನೆಯ ಕುರ್ಚಿ ಇಲ್ಲಿ ರಾಕ್ಷಸನ ಸಿಂಹಾಸನ.

ಎಚ್ಚರಿಕೆಯ ಮಾತುಗಳೂ ಇವೆ. ಮೆತ್ತಗಿನ ಪಿವಿಸಿ ಆಟಿಕೆಗಳ ಮೇಲೆ ಕೆಲವು ಸ್ಪ್ರೇ ಬಣ್ಣಗಳು ಎಷ್ಟು ದಿನವಾದರೂ ಅಂಟಂಟಾಗಿಯೇ ಉಳಿಯುತ್ತವೆ. ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ರಾಸಾಯನಿಕಕ್ಕೂ ಬಣ್ಣದ ದ್ರಾವಕಕ್ಕೂ ಆಗಿಬರುವುದಿಲ್ಲ. ಅಂಥವಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ಕನ್ನು ಕುಂಚದಿಂದಲೇ ಹಚ್ಚಬೇಕು. ಥರ್ಮೋಕೋಲಿನ ಮೇಲೆ ಸ್ಪ್ರೇ ಹೊಡೆದರೆ ಗುಡ್ಡ ಕಣ್ಣೆದುರೇ ಕರಗುತ್ತದೆ. ಸ್ಪ್ರೇ ಹೊಡೆಯುವುದು ಬಯಲಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು. ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಗಳನ್ನು ಮುಟ್ಟದಿರುವುದೇ ಕ್ಷೇಮ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಇನ್ನೊಂದು ಮಾತು: ಬಣ್ಣ ಬಳಿದ ಆಟಿಕೆ ಮತ್ತೆ ಎಳೆಯ ಮಕ್ಕಳ ಕೈಗೆ ಹೋಗಬಾರದು. 2021ರ ಜನವರಿಯಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಆದರೆ ಆ ಮುದ್ರೆ ಕಾರ್ಖಾನೆಯ ಆಟಿಕೆಗೆ ಹೊರತು ನೀವು ಮೇಲೆ ಬಳಿದ ಬಣ್ಣಕ್ಕಲ್ಲ.

ಮತ್ತೆ, ಎಲ್ಲ ಆಟಿಕೆಗೂ ಬಣ್ಣ ಬಳಿಯಬೇಕಿಲ್ಲ. ಚನ್ನಪಟ್ಟಣದ ಕುಶಲಿ ಚರಕಿ ಯಂತ್ರದ ಮೇಲೆ ಮರ ತಿರುಗಿಸಿ, ಅರಗಿನ ಬಣ್ಣ ಕಾಯಿಸಿ ಹತ್ತಿಸಿ, ತಾಳೆಗರಿಯಿಂದ ಹೊಳಪು ಕೊಟ್ಟ ಗೊಂಬೆಯ ಮೇಲೆ ಬೂದು ಬಳಿಯುವುದು ಪಾಪದ ಕೆಲಸ. ಅದು ಒಬ್ಬರ ಕೈ ಮುಗಿಸಿದ ವಸ್ತು. ಅಚ್ಚಿನಿಂದ ಲಕ್ಷಗಟ್ಟಲೆ ಉದುರಿ, ಎರಡು ದಿನಕ್ಕೆ ಮಕ್ಕಳಿಗೆ ಬೇಸರವಾಗಿ, ಮೂರನೆಯ ದಿನ ಕಸದ ತೊಟ್ಟಿ ಸೇರುವ ಪ್ಲಾಸ್ಟಿಕ್ಕು ಮಾತ್ರ ಇನ್ನೂ ಒಂದು ಕೈಗಾಗಿ ಕಾಯುತ್ತಿರುತ್ತದೆ.

ಈ ವಿದ್ಯೆ ನಮಗೆ ಪೂರ್ತಿ ಪರಕೀಯವೇ? ಹಳೆಯ ಮೈಸೂರಿನ ಕಡೆಯ ಮನೆಗಳಲ್ಲಿ ದಸರೆಯ ಗೊಂಬೆ ಕೂರಿಸಿದವರು ಹಾಗೆ ಹೇಳಲಾರರು. ಪಟ್ಟದ ಗೊಂಬೆಗಳು ಮೆಟ್ಟಿಲ ಮೇಲೆ, ಕೆಳಗೆ ನೆಲದಲ್ಲಿ ಮಕ್ಕಳ ಕಾರುಬಾರು. ಮಣ್ಣು ಹರಡಿ ರಾಗಿ ಚೆಲ್ಲಿದರೆ ನಾಲ್ಕು ದಿನಕ್ಕೆ ಹಸಿರು ಗದ್ದೆ. ಮುಖ ನೋಡುವ ಕನ್ನಡಿ ಅಂಗಾತ ಮಲಗಿ ಕೊಳ. ಅದರ ದಡದಲ್ಲಿ ಪ್ಲಾಸ್ಟಿಕ್ ಬಾತು, ಜಾತ್ರೆಯಲ್ಲಿ ಕೊಂಡ ಹುಲಿ, ಬೆಂಕಿಪೊಟ್ಟಣದ ಬಸ್ ನಿಲ್ದಾಣ. ಹುಲಿಗಿಂತ ಬಾತು ದೊಡ್ಡದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ, ಅಷ್ಟೆ. ಅಲ್ಲಿ ಯುದ್ಧವಿರಲಿಲ್ಲ, ಆದರೆ ಒಂದು ವಸ್ತುವಿನಲ್ಲಿ ಇನ್ನೊಂದನ್ನು ಕಾಣುವ ಕಣ್ಣು ಅದೇ.

ಆ ಕಣ್ಣಿನ ಮಾತು ಬಂದದ್ದರಿಂದ ಇಷ್ಟೆಲ್ಲ ಹೇಳಬೇಕಾಯಿತು. ಇಂದು ಬಣ್ಣ ಬಳಿದೇ ಸಿದ್ಧವಾದ ಕೋಟೆಗಳು ಪೆಟ್ಟಿಗೆಯಲ್ಲಿ ಬರುತ್ತವೆ. ತ್ರೀಡಿ ಪ್ರಿಂಟರ್ ಇದ್ದವರು ಮನೆಯಲ್ಲೇ ಅಚ್ಚೊತ್ತಿಕೊಳ್ಳುತ್ತಾರೆ. ಚೆನ್ನಾಗಿಯೇ ಇರುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡಿದ್ದವನೇ ಒಳ್ಳೆಯ ಆಟಗಾರ, ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಾಣದ ಮೇಜು ಮೇಜೇ ಅಲ್ಲ ಎಂಬ ಭಾವನೆ ಅದರ ಹಿಂದೆಯೇ ಬರುತ್ತದೆ. ಕೈಯಲ್ಲಿ ನೂರು ರೂಪಾಯಿಯಷ್ಟೇ ಇರುವ ಹುಡುಗ ಅಂಗಡಿಯ ಗಾಜಿನ ಹೊರಗೇ ನಿಂತುಬಿಡುತ್ತಾನೆ. ಅವನಿಗೆ ಯಾರಾದರೂ ಹೇಳಬೇಕು: ಈ ಆಟದ ಹೆಸರಾಂತ ಮೃಗಗಳಲ್ಲಿ ಕೆಲವು ಹುಟ್ಟಿದ್ದೇ ಚಿಲ್ಲರೆ ಕಾಸಿನ ಪೊಟ್ಟಣದಿಂದ, ಅದರ ಒಂದು ಟ್ಯಾಂಕು ಡಿಯೋಡರೆಂಟ್ ಡಬ್ಬಿ, ಅದರ ಹಳೆಯ ಕಾಡೊಂದು ತೋಟದ ಕಡ್ಡಿ ಎಂದು. ಅವನು ಹಿಂದೆ ಬಿದ್ದಿಲ್ಲ, ಮೊದಲಿಗರು ನಿಂತಿದ್ದ ಜಾಗದಲ್ಲೇ ನಿಂತಿದ್ದಾನೆ.

ಮುಂದಿನ ಸಲ ಜಾತ್ರೆಯ ಆಟಿಕೆ ಅಂಗಡಿಯ ಮುಂದೆ ಹಾದುಹೋಗುವಾಗ ಗುಲಾಬಿ ಬಣ್ಣದ ಕೋಟೆಯೇನಾದರೂ ಕಂಡರೆ ಅದರ ಬಾಗಿಲನ್ನು ಅಳೆದು ನೋಡಿ. ಮೂವತ್ತೈದು, ಮೂವತ್ತೇಳು ಮಿಲಿಮೀಟರ್ ಇದ್ದರೆ ಬಿಡಬೇಡಿ. ಆಟಿಕೆಗೆ ಟೇಪು ಹಿಡಿದ ನಿಮ್ಮನ್ನು ಅಂಗಡಿಯವನು ವಿಚಿತ್ರವಾಗಿ ನೋಡಿದರೆ, ಮನೆಯ ಮಗುವಿಗೆ ಎಂದು ಹೇಳಿಬಿಡಿ. ಅದು ಪೂರ್ತಿ ಸುಳ್ಳೇನೂ ಆಗುವುದಿಲ್ಲ.